ಅಡ್ಡಬಿಲ್ಲೂ ಬಿಲ್ಲೇ?

ಇಂದ್ರಕೀಲ ಪರ್ವತದಲ್ಲಿ ಒಂದು ಹಂದಿ ಬಿದ್ದಿತು. ಅದರ ಮೈಯಲ್ಲಿ ಎರಡು ಬಾಣ. ಒಂದು ಅರ್ಜುನನದು, ಇನ್ನೊಂದು ಬೇಡನ ವೇಷ ತೊಟ್ಟು ಬಂದ ಶಿವನದು. ಹಂದಿ ಯಾರದು ಎಂಬ ಮಾತು ಬೆಳೆದು ಕೈ ಕೈ ಹತ್ತಿದ ಕಥೆ ನಿಮಗೆಲ್ಲ ಗೊತ್ತೇ ಇದೆ. ಅಷ್ಟು ದೊಡ್ಡ ಜಗಳದಲ್ಲಿಯೂ ಅವರಿಬ್ಬರಿಗೆ ಒಂದು ವಿಷಯದಲ್ಲಿ ತಕರಾರು ಇರಲಿಲ್ಲ. ಇಬ್ಬರ ಕೈಯಲ್ಲಿ ಇದ್ದದ್ದೂ ಬಿಲ್ಲೇ. "ನಿನ್ನದು ಬಿಲ್ಲೇ ಅಲ್ಲ, ಈ ಕಾಡಿಗೆ ಅದನ್ನು ತರುವ ಹಕ್ಕು ನಿನಗಿಲ್ಲ" ಎಂದು ಒಬ್ಬರೂ ಇನ್ನೊಬ್ಬರಿಗೆ ಹೇಳಲಿಲ್ಲ.

ನಾನು ಇಂದು ಹೇಳಹೊರಟಿರುವ ಜಗಳದಲ್ಲಿ ಆ ಮಾತೇ ಮೂಲ. ಅದು ನಡೆಯುತ್ತಿರುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿಯ ಜಿಂಕೆ ಬೇಟೆಗಾರರು ಎರಡು ಪಂಗಡವಾಗಿ, ಅಡ್ಡಬಿಲ್ಲನ್ನು ಬಿಲ್ಲುಬೇಟೆಯ ಕಾಲದಲ್ಲಿ ಬಳಸಬಹುದೇ ಕೂಡದೇ ಎಂದು ಅರ್ಧ ಶತಮಾನದಿಂದ ವಾದಿಸುತ್ತಿದ್ದಾರೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಈಚೆಗೆ ಬೇಟೆಯ ವಿನೋದಕ್ಕೆ ತೆರೆ ಬಿದ್ದಿದೆ. ಅದು ಒಳ್ಳೆಯದೇ ಆಯಿತು. ಹಾಗಿರುವಾಗ ಪರದೇಶದ ಬೇಡರ ಜಗಳ ನಮಗೇಕೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ. ಸಂಗೀತ ಕಚೇರಿಯಲ್ಲಿ ತಂಬೂರಿಯ ಜಾಗಕ್ಕೆ ವಿದ್ಯುತ್ ಶ್ರುತಿಪೆಟ್ಟಿಗೆ ಬಂದಾಗ ನಮ್ಮ ಮನೆಗಳಲ್ಲೂ ಇಂಥದೇ ಮಾತು ನಡೆಯಿತಲ್ಲವೇ? ಹಳೆಯ ಪದ್ಧತಿಗೆಂದು ಮೀಸಲಿಟ್ಟ ಜಾಗಕ್ಕೆ ಹೊಸ ಸಾಧನ ಬಂದು ಕುಳಿತರೆ ಏನು ಮಾಡಬೇಕು ಎಂಬುದು ಎಲ್ಲರ ಪ್ರಶ್ನೆಯೇ.

ಮೊದಲು ಅಲ್ಲಿಯ ವ್ಯವಸ್ಥೆಯನ್ನು ತಿಳಿಯೋಣ. ಅಮೆರಿಕದಲ್ಲಿ ಜಿಂಕೆ ಯಾರ ಸ್ವಂತ ಸೊತ್ತೂ ಅಲ್ಲ. ಅದು ಜನರೆಲ್ಲರದು, ಸರ್ಕಾರ ಅದರ ಧರ್ಮದರ್ಶಿ. ಯಾವ ತಿಂಗಳಲ್ಲಿ, ಯಾವ ಆಯುಧದಿಂದ, ಎಷ್ಟು ಜಿಂಕೆ ಎಂಬುದನ್ನು ಒಂದೊಂದು ಸಂಸ್ಥಾನವೂ ತಾನೇ ಗೊತ್ತುಮಾಡುತ್ತದೆ. ಉತ್ತರದ ವಿಸ್ಕಾನ್ಸಿನ್ ಸಂಸ್ಥಾನವನ್ನೇ ತೆಗೆದುಕೊಳ್ಳಿ. ಅಲ್ಲಿ ಬಂದೂಕಿನ ಮುಖ್ಯ ಬೇಟೆಗೆ ನವೆಂಬರ್ ಕೊನೆಯ ಭಾಗದಲ್ಲಿ 9 ದಿನ. ಬಿಲ್ಲಿಗಾದರೋ ಸೆಪ್ಟೆಂಬರ್ ನಡುವಿನಿಂದ ಜನವರಿಯವರೆಗೆ, ಹೆಚ್ಚುಕಡಮೆ ನಾಲ್ಕು ತಿಂಗಳು! ಗಂಡುಜಿಂಕೆಗಳು ಮದವೇರಿ ಎಚ್ಚರ ತಪ್ಪಿ ತಿರುಗುವ ನವೆಂಬರಿನ ಮೊದಲ ವಾರಗಳೂ ಇದರೊಳಗೇ ಬರುತ್ತವೆ.

ಬಿಲ್ಲುಗಾರನಿಗೆ ಇಷ್ಟು ಧಾರಾಳವೇಕೆ? ಅವನಿಂದ ಜಿಂಕೆಗೆ ಅಪಾಯ ಕಡಮೆ ಎಂಬುದೇ ಕಾರಣ. ಬಂದೂಕಿನವನು ನೂರಾರು ಗಜ ದೂರದಿಂದ ಹೊಡೆಯುತ್ತಾನೆ. ಬಿಲ್ಲಿನವನು ಇಪ್ಪತ್ತು ಮೂವತ್ತು ಗಜದ ಒಳಗೆ ಹೋಗಬೇಕು. ಅಷ್ಟು ಹತ್ತಿರದಲ್ಲಿ ಜಿಂಕೆಯ ಮೂಗು, ಕಿವಿ, ಕಣ್ಣು ಮೂರನ್ನೂ ಗೆಲ್ಲಬೇಕು. ಹತ್ತು ಸಲ ಹೋದರೆ ಒಂಬತ್ತು ಸಲ ಬರಿಗೈಯಲ್ಲಿ ಬರುವವನಿಗೆ ಹೆಚ್ಚು ದಿನ ಕೊಟ್ಟರೆ ಹಿಂಡಿಗೆ ನಷ್ಟವಿಲ್ಲ. ಆ ದೀರ್ಘಕಾಲವೆಂಬುದು ಬಿಲ್ಲಿನ ಕಷ್ಟಕ್ಕೆ ಕಟ್ಟಿದ ಬೆಲೆ. ಈ ಮಾತನ್ನು ನೆನಪಿನಲ್ಲಿಡಿ. ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ಈ ಪ್ರತ್ಯೇಕ ಕಾಲ ವಿಸ್ಕಾನ್ಸಿನ್‌ನಲ್ಲಿ ಮೊದಲಾದದ್ದು 1934ರಲ್ಲಿ, ಕೊಲಂಬಿಯಾ ಮತ್ತು ಸಾಕ್ ಎಂಬ ಎರಡೇ ಜಿಲ್ಲೆಗಳಲ್ಲಿ. ಅರಣ್ಯ ಮತ್ತು ವನ್ಯಜೀವಿಗಳ ವಿಷಯದಲ್ಲಿ ಪ್ರಸಿದ್ಧರಾದ ಆಲ್ಡೊ ಲಿಯೊಪೊಲ್ಡ್ ಆಗ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರು. ಅವರು ತಮ್ಮ ಬಿಲ್ಲನ್ನು ತಾವೇ ಕೆತ್ತಿಕೊಳ್ಳುತ್ತಿದ್ದರು. ಅವರ ಪತ್ನಿ ಎಸ್ಟೆಲ್ಲಾ ಬಿಲ್ವಿದ್ಯೆಯಲ್ಲಿ ಆ ಸಂಸ್ಥಾನದ ಮಹಿಳಾ ಚಾಂಪಿಯನ್.

ಅಮೆರಿಕದ ಬಿಲ್ಲುಬೇಟೆಗೆ ಇನ್ನೂ ಹಿಂದಿನ ಒಬ್ಬ ಗುರು ಇದ್ದಾನೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಬಳಿ, ಹಸಿದು ಬಸವಳಿದ ಒಬ್ಬ ಮನುಷ್ಯ ಕಾಡಿನಿಂದ ಹೊರಬಂದನು. ಯಾಹಿ ಎಂಬ ಮೂಲನಿವಾಸಿ ಕುಲ ಬಿಳಿಯರ ಕೈಯಲ್ಲಿ ನಾಶವಾಗಿ, ಉಳಿದವನು ಅವನೊಬ್ಬನೇ. ತನ್ನ ಹೆಸರನ್ನು ಅವನು ಹೇಳಲಿಲ್ಲ. ಅವರ ಭಾಷೆಯಲ್ಲಿ ಮನುಷ್ಯ ಎಂಬರ್ಥದ 'ಇಶಿ' ಎಂದೇ ಅವನನ್ನು ಕರೆದರು. ಸಾನ್‌ಫ್ರಾನ್ಸಿಸ್ಕೋದ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಗೆ ಚಿಕಿತ್ಸೆ ಮಾಡುತ್ತ ಮಾಡುತ್ತ ಅವನ ಶಿಷ್ಯರಾದರು. ಬೇಟೆಗೆ ಹೋಗುವ ಮುನ್ನ ಇಶಿ ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಮುಟ್ಟುತ್ತಿರಲಿಲ್ಲ, ಬೆಳಗಾಗುತ್ತಲೇ ಹೊಳೆಯಲ್ಲಿ ಮೀಯುತ್ತಿದ್ದನು. ಮೈಯ ವಾಸನೆ ಪ್ರಾಣಿಗೆ ತಿಳಿಯಬಾರದೆಂಬ ಜಾಣತನವೂ ಅದರಲ್ಲಿತ್ತು. ಒಂದು ಜೀವ ತೆಗೆಯಹೊರಟವನ ವ್ರತವೂ ಇತ್ತು. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡನು. ಪೋಪ್ ಆ ವಿದ್ಯೆಯನ್ನು 1923ರಲ್ಲಿ ಪುಸ್ತಕ ಮಾಡಿದರು. ಅವರ ಮತ್ತು ಅವರ ಜತೆಗಾರ ಆರ್ಥರ್ ಯಂಗ್‌ರ ಹೆಸರಿನಲ್ಲಿ 1961ರಲ್ಲಿ ಸ್ಥಾಪಿತವಾದ ಬಿಲ್ಲುಬೇಟೆಯ ಸಂಘ, ಅಡ್ಡಬಿಲ್ಲಿನಿಂದ ಹೊಡೆದ ಪ್ರಾಣಿಯನ್ನು ತನ್ನ ದಾಖಲೆಯ ಪುಸ್ತಕಕ್ಕೆ ಸೇರಿಸಿಕೊಳ್ಳುವುದಿಲ್ಲ.

ಹಾಗಾದರೆ ಈ ಅಡ್ಡಬಿಲ್ಲು ಎಂದರೇನು? ಬಂದೂಕಿನ ದಿಂಡಿನ ಮೂತಿಗೆ ಒಂದು ಗಿಡ್ಡ ಬಿಲ್ಲನ್ನು ಅಡ್ಡಲಾಗಿ ಕೂರಿಸಿದಂತೆ ಭಾವಿಸಿಕೊಳ್ಳಿ. ಮುಂದಿನ ರಿಕಾಪಿನಲ್ಲಿ ಕಾಲಿಟ್ಟು, ಎರಡು ಕೈಯಿಂದಲೋ ಹಗ್ಗದಿಂದಲೋ ಹಿಡಿ ತಿರುಗಿಸಿಯೋ ಹೆದೆಯನ್ನು ಹಿಂದಕ್ಕೆ ಎಳೆದರೆ ಅದು ಒಂದು ಕೊಂಡಿಗೆ ಸಿಕ್ಕಿ ನಿಲ್ಲುತ್ತದೆ. ಮೇಲೆ ಬಾಣವಿಟ್ಟು, ಹೆಗಲಿಗೆ ಒತ್ತಿ, ದುರ್ಬೀನಿನಲ್ಲಿ ಗುರಿ ನೋಡಿ, ಕುದುರೆಯನ್ನು ಎಳೆದರಾಯಿತು. ಈಗಿನ ಅಡ್ಡಬಿಲ್ಲಿನ ಬಾಣ ಸೆಕೆಂಡಿಗೆ 350 ರಿಂದ 400 ಅಡಿ ಹಾರುತ್ತದೆ. ಸಾದಾ ಮರದ ಬಿಲ್ಲಿನದು 200 ಅಡಿ ಮುಟ್ಟುವುದೂ ಕಷ್ಟ.

ಇದೇನೂ ನಿನ್ನೆ ಮೊನ್ನೆಯ ಯಂತ್ರವಲ್ಲ. ಚೀನಾದ ಛಿನ್ ಚಕ್ರವರ್ತಿಯ ಸಮಾಧಿಯ ಮಣ್ಣಿನ ಸೈನಿಕರ ಬಳಿ ಇದರ ಕಂಚಿನ ಕುದುರೆಗಳು ಸಿಕ್ಕಿವೆ. ಅವು ಎರಡು ಸಾವಿರ ವರ್ಷಕ್ಕೂ ಹಿಂದಿನವು. 1199ರಲ್ಲಿ ಇಂಗ್ಲೆಂಡಿನ ಒಂದನೆಯ ರಿಚರ್ಡ್ ದೊರೆ ಫ್ರಾನ್ಸಿನ ಒಂದು ಸಣ್ಣ ಕೋಟೆಯ ಮುಂದೆ ಅಡ್ಡಬಿಲ್ಲಿನ ಬಾಣ ತಗುಲಿ, ಗಾಯ ಕೊಳೆತು ಸತ್ತನು. ಅದಕ್ಕೂ 60 ವರ್ಷ ಮೊದಲು, 1139ರಲ್ಲಿ, ರೋಮಿನ ಧರ್ಮಸಭೆಯು ಕ್ರೈಸ್ತರ ಮೇಲೆ ಈ ಆಯುಧ ಪ್ರಯೋಗಿಸಬಾರದೆಂದು ಕಟ್ಟಳೆ ಮಾಡಿತ್ತು. ತಮಾಷೆಯೆಂದರೆ ಆ ಕಟ್ಟಳೆಯಲ್ಲಿ ಅಡ್ಡಬಿಲ್ಲುಗಾರರ ಜತೆಗೆ ಸಾದಾ ಬಿಲ್ಲುಗಾರರೂ ಸೇರಿದ್ದರು. ಧರ್ಮಸಭೆಯ ಕಣ್ಣಿಗೆ ಇಬ್ಬರೂ ಒಂದೇ! ಬೇರೆ ಮಾಡಿದವರು ಇಂಗ್ಲೆಂಡಿನ ದೊರೆಗಳು. ಏಳನೆಯ ಮತ್ತು ಎಂಟನೆಯ ಹೆನ್ರಿಯರ ಕಾಲದಲ್ಲಿ, ಸಾಕಷ್ಟು ಆಸ್ತಿಯಿಲ್ಲದವನು ಅಡ್ಡಬಿಲ್ಲು ಇಟ್ಟುಕೊಳ್ಳಬಾರದೆಂಬ ಕಾನೂನುಗಳು ಬಂದವು. ಸುಲಭದ ಆಯುಧ ಸಿಕ್ಕರೆ ಜನ ಕಷ್ಟದ ಉದ್ದಬಿಲ್ಲನ್ನು ಮರೆತಾರು ಎಂಬ ಭಯ ಅವರದು. ಇಂದಿನ ಬಿಲ್ಲುಗಾರರ ಭಯವೂ ಅದೇ ಅಲ್ಲವೇ?

ಈಗ ಎರಡೂ ಕಡೆಯ ಮಾತು ಕೇಳೋಣ.

ಬಿಲ್ಲಿನವರು ಹೇಳುವುದು ಹೀಗೆ. ಬಿಲ್ಲುಬೇಟೆಯ ಮರ್ಮವೆಲ್ಲ ಒಂದು ಗಳಿಗೆಯಲ್ಲಿದೆ. ಜಿಂಕೆ ಎದುರಿಗೆ ಬಂದಿದೆ. ಆಗ ಕೈ ಎತ್ತಬೇಕು, ಹೆದೆಯನ್ನು ಕೆನ್ನೆಯವರೆಗೆ ಸೆಳೆಯಬೇಕು, ತೋಳು ನಡುಗದಂತೆ ಹಿಡಿದು ನಿಲ್ಲಬೇಕು. ಆ ಚಲನೆಯನ್ನು ಜಿಂಕೆ ಕಂಡರೆ ಎಲ್ಲವೂ ಮುಗಿಯಿತು. ಅಡ್ಡಬಿಲ್ಲಿನಲ್ಲಿ ಆ ಗಳಿಗೆಯೇ ಇಲ್ಲ. ಹೆದೆಯನ್ನು ಬೆಳಿಗ್ಗೆಯೇ ಎಳೆದು ಕೊಂಡಿಗೆ ಹಾಕಿಯಾಗಿದೆ. ಬೇಸಗೆಯೆಲ್ಲ ಅಭ್ಯಾಸ ಮಾಡಿ ತೋಳಿಗೆ ಬಲ ತರಬೇಕಾಗಿಲ್ಲ. ಒಂದು ಮಧ್ಯಾಹ್ನದಲ್ಲಿ ಗುರಿ ಕೂಡುತ್ತದೆ. ಕಷ್ಟವನ್ನು ಕಳೆದುಕೊಂಡವನು ಕಷ್ಟಕ್ಕೆಂದು ಕೊಟ್ಟ ನಾಲ್ಕು ತಿಂಗಳನ್ನು ಕೇಳುವುದು ನ್ಯಾಯವೇ?

ಅಡ್ಡಬಿಲ್ಲಿನವರ ಉತ್ತರವೂ ಹಗುರವಾದುದಲ್ಲ. "ಸ್ವಾಮಿ, ನಿಮ್ಮ ಕೈಯಲ್ಲಿರುವುದಾದರೂ ಯಾವ ಬಿಲ್ಲು?" ಎಂದು ಅವರು ಕೇಳುತ್ತಾರೆ. ಮಿಸ್ಸೂರಿಯ ಹೋಲಿಸ್ ವಿಲ್ಬರ್ ಅಲೆನ್ ಎಂಬವರು ಬಿಲ್ಲಿನ ಎರಡು ತುದಿಗೆ ರಾಟೆಗಳನ್ನು ಕಟ್ಟಿ 1969ರಲ್ಲಿ ಪೇಟೆಂಟ್ ಪಡೆದರು. ಬಾವಿಯ ರಾಟೆ ಕೊಡದ ಭಾರವನ್ನು ಹಗುರ ಮಾಡಿದಂತೆ, ಈ ರಾಟೆಬಿಲ್ಲನ್ನು ಪೂರ್ತಿ ಎಳೆದಮೇಲೆ ಕೈಗೆ ಉಳಿಯುವ ಭಾರ ನಾಲ್ಕರಲ್ಲೊಂದು ಪಾಲು, ಕೆಲವದರಲ್ಲಿ ಅದಕ್ಕೂ ಕಡಮೆ. ಗುರಿಗೆ ಕಡ್ಡಿಗಳುಂಟು, ಹೆದೆ ಬಿಡಲು ಪುಟ್ಟ ಕುದುರೆಯೂ ಉಂಟು. ಆಗಲೂ ಹಳಬರು ಇದು ಬಿಲ್ಲೇ ಅಲ್ಲ ಎಂದರು. ಇಂದು ಅಲ್ಲಿಯ ಬಿಲ್ಲುಗಾರರಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಅದೇ. ನೀವು ಹತ್ತಿದ ಏಣಿಯನ್ನು ನಮಗೆ ಏಕೆ ಎಳೆದುಕೊಳ್ಳುತ್ತೀರಿ ಎಂಬುದು ಅವರ ಪ್ರಶ್ನೆ.

ಸರ್ಕಾರಗಳಿಗೆ ಬೇರೆ ಚಿಂತೆಯೂ ಇದೆ. ಒಂದು ಕಾಲದಲ್ಲಿ ಅಳಿವಿನ ಅಂಚಿಗೆ ಬಂದಿದ್ದ ಬಿಳಿಬಾಲದ ಜಿಂಕೆ ಈಗ ಕೋಟಿಗಳ ಲೆಕ್ಕದಲ್ಲಿದೆ. ಹೊಲ ಮೇಯುತ್ತದೆ, ರಸ್ತೆಯಲ್ಲಿ ಮೋಟಾರಿಗೆ ಅಡ್ಡ ಬರುತ್ತದೆ. ಬೇಟೆಗಾರರಾದರೋ ಮುದುಕರಾಗುತ್ತಿದ್ದಾರೆ. ಕೇಂದ್ರ ಸರ್ಕಾರದ ಸಮೀಕ್ಷೆಯಂತೆ 2011ರಲ್ಲಿ 1 ಕೋಟಿ 37 ಲಕ್ಷವಿದ್ದ ಬೇಟೆಗಾರರು 2016ರಲ್ಲಿ 1 ಕೋಟಿ 15 ಲಕ್ಷಕ್ಕೆ ಇಳಿದರು. ಅವರು ಕೊಡುವ ಲೈಸೆನ್ಸಿನ ಹಣ, ಬಿಲ್ಲುಗಳ ಮೇಲಿನ ನೂರಕ್ಕೆ 11ರ ತೆರಿಗೆ, ಇವುಗಳಿಂದಲೇ ಅಲ್ಲಿ ಕಾಡುಪ್ರಾಣಿಗಳ ರಕ್ಷಣೆ ನಡೆಯುತ್ತದೆ. ಹೆಗಲು ಸೋತ ಎಪ್ಪತ್ತರ ಮುದುಕನೂ ಕಾಡಿಗೆ ಬರುವಂತಾದರೆ ಬೊಕ್ಕಸಕ್ಕೂ ಲಾಭ, ಕಾಡಿಗೂ ಲಾಭ.

ಹೀಗಾಗಿ ಸಂಸ್ಥಾನಗಳು ಒಂದೊಂದಾಗಿ ಬಾಗಿಲು ತೆರೆದವು. ಆರ್ಕನ್ಸಾ 1973ರಲ್ಲಿಯೇ ಒಪ್ಪಿತು. ಪೆನ್ಸಿಲ್ವೇನಿಯಾ ಮತ್ತು ಮಿಷಿಗನ್ 2009ರಲ್ಲಿ ಬಾಗಿಲನ್ನು ಅಗಲಮಾಡಿದವು. ವಿಸ್ಕಾನ್ಸಿನ್ 2014ರಲ್ಲಿ ಅಡ್ಡಬಿಲ್ಲಿಗೆ ಬೇರೆ ಲೈಸೆನ್ಸನ್ನೂ ಬಿಲ್ಲಿನಷ್ಟೇ ಉದ್ದದ ಕಾಲವನ್ನೂ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಅಡ್ಡಬಿಲ್ಲಿಗೆ ಬಿದ್ದ ಜಿಂಕೆಗಳ ಸಂಖ್ಯೆ ಬಿಲ್ಲಿಗೆ ಬಿದ್ದವನ್ನು ಮೀರಿತು. ನ್ಯೂಯಾರ್ಕ್ ಸಂಸ್ಥಾನ ಅದೇ 2014ರಲ್ಲಿ ಬೇರೆ ದಾರಿ ಹಿಡಿದು, ದಕ್ಷಿಣ ವಲಯದ ಮುಂಗಡ ಬಿಲ್ಲುಕಾಲದ ಕೊನೆಯ 14 ದಿನಗಳನ್ನು ಮಾತ್ರ ಅಡ್ಡಬಿಲ್ಲಿಗೆ ಬಿಟ್ಟಿತು.

ಈ ವಾದಗಳ ಬಗ್ಗೆ ಓದುತ್ತ ನನಗೆ ಏಕಲವ್ಯನ ನೆನಪು ಬಂದಿತು. ದ್ರೋಣರು ಕೇಳಿದ್ದು ಬಲಗೈಯ ಹೆಬ್ಬೆರಳು. ಆ ಒಂದು ಬೆರಳು ಹೋದರೆ ಮೊದಲಿನ ಕೈಚಳಕ ಹೋಯಿತು. ಅವನ ಕೈಯಲ್ಲಿ ಅಡ್ಡಬಿಲ್ಲು ಇದ್ದಿದ್ದರೆ? ಗುರುದಕ್ಷಿಣೆ ಕೊಟ್ಟ ಮರುದಿನವೂ ಅವನು ಗುರಿ ತಪ್ಪುತ್ತಿರಲಿಲ್ಲ. ಕುದುರೆ ಎಳೆಯಲು ತೋರುಬೆರಳು ಸಾಕು. ಯುದ್ಧದಲ್ಲಿ ತೋಳು ಕಳೆದುಕೊಂಡವನಿಗೆ, ಹೆಗಲಿನ ಕೀಲು ಸವೆದವನಿಗೆ ಈ ಆಯುಧವೇನೆಂಬುದು ಇದರಿಂದ ತಿಳಿಯುತ್ತದೆ. ಎಷ್ಟೋ ಸಂಸ್ಥಾನಗಳಲ್ಲಿ ಅಡ್ಡಬಿಲ್ಲಿಗೆ ಮೊದಲು ಅನುಮತಿ ಸಿಕ್ಕಿದ್ದೂ ಇಂಥ ಅಂಗವಿಕಲರಿಗಾಗಿಯೇ. ವಿಚಿತ್ರವೆಂದರೆ ಅಡ್ಡಬಿಲ್ಲು ಕಲಿಸುವವರು ಹೇಳುವ ಮೊದಲ ಪಾಠವೂ ಹೆಬ್ಬೆರಳಿನದೇ. ಬಾಣ ಓಡುವ ಗಾಡಿಯ ಮೇಲಕ್ಕೆ ಎಡಗೈಯ ಹೆಬ್ಬೆರಳು ಬಂದರೆ, ಹೆದೆ ಅದನ್ನು ಕತ್ತರಿಸಿಕೊಂಡೇ ಹೋದೀತು.

ಹಾಗಾದರೆ ತೀರ್ಪೇನು? ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಅಡ್ಡಬಿಲ್ಲು ಬಿಲ್ಲೇ ಹೌದೋ ಅಲ್ಲವೋ ಎಂಬ ಶಬ್ದದ ಜಗಳದಿಂದ ಉಪಯೋಗವಿಲ್ಲ. ಎರಡಕ್ಕೂ ಪ್ರಾಚೀನತೆ ಉಂಟು, ಎರಡೂ ಬಾಗಿದ ಕೋಲಿನ ಬಲದಿಂದಲೇ ಬಾಣ ಬಿಡುತ್ತವೆ. ಕೇಳಬೇಕಾದ ಪ್ರಶ್ನೆ, ದೀರ್ಘಕಾಲವನ್ನು ಯಾವ ಕಾರಣಕ್ಕೆ ಕೊಟ್ಟೆವು ಎಂಬುದು. ಕಷ್ಟಕ್ಕೆಂದು ಕೊಟ್ಟಿದ್ದರೆ, ಕಷ್ಟ ತಗ್ಗಿದಂತೆ ದಿನಗಳೂ ತಗ್ಗಬೇಕು. ಆದ್ದರಿಂದ ವಯಸ್ಸಾದವರಿಗೆ, ಅಂಗವಿಕಲರಿಗೆ ಅಡ್ಡಬಿಲ್ಲು ಪೂರ್ತಿ ಕಾಲವೂ ಇರಲಿ. ಅವರ ಕಷ್ಟ ಅವರ ಮೈಯಲ್ಲೇ ಇದೆ. ಗಟ್ಟಿಮುಟ್ಟಾದವರಿಗೆ ನ್ಯೂಯಾರ್ಕಿನಂತೆ ಕೆಲವು ವಾರ ಸಾಕು. ಈ ನ್ಯಾಯ ರಾಟೆಬಿಲ್ಲಿಗೂ ಸಲ್ಲಬೇಕು. ರಾಟೆಯಿಲ್ಲದ ಸಾದಾ ಬಿಲ್ಲಿಗೆಂದೇ ಕೆಲವು ದಿನಗಳನ್ನು ಮೀಸಲಿಟ್ಟಾಗ ಮಾತ್ರ ಸಂಪ್ರದಾಯ ಎಂಬ ಮಾತಿಗೆ ಬೆಲೆ ಬಂದೀತು. ತಾನು ರಾಟೆ ಹಿಡಿದು ಪಕ್ಕದವನಿಗೆ ಪರಂಪರೆಯ ಪಾಠ ಹೇಳುವುದು ಶೋಭಿಸುವುದಿಲ್ಲ.

ವಿಸ್ಕಾನ್ಸಿನ್‌ನ ಒಂದು ಪದ್ಧತಿ ನನಗೆ ಬಹಳ ಮೆಚ್ಚುಗೆಯಾಯಿತು. 1934ರಲ್ಲಿ, ಬಿಲ್ಲುಕಾಲ ಹುಟ್ಟಿದ ವರ್ಷವೇ, ಅಲ್ಲಿ ನಾಗರಿಕರ ಒಂದು ಸಂರಕ್ಷಣಾ ಸಭೆಯೂ ಹುಟ್ಟಿತು. 72 ಜಿಲ್ಲೆಗಳಿಂದ ಐದೈದು ಮಂದಿ ಪ್ರತಿನಿಧಿಗಳು. ಪ್ರತಿ ವಸಂತದಲ್ಲಿ ಜಿಲ್ಲೆ ಜಿಲ್ಲೆಯಲ್ಲೂ ಇಂಥ ಪ್ರಶ್ನೆಗಳನ್ನು ಜನರ ಮುಂದಿಟ್ಟು ಅಭಿಪ್ರಾಯ ಪಡೆಯುತ್ತಾರೆ. ರೈತ, ಬೇಟೆಗಾರ, ಬೇಟೆಯನ್ನು ಒಲ್ಲದವ, ಯಾರು ಬೇಕಾದರೂ ಮತ ಹೇಳಬಹುದು. ಮಾತು ಬಿಸಿಯಾಗುತ್ತದೆ, ಆದರೆ ನಡೆಯುವುದು ಸಭೆಯಲ್ಲಿ.

ಅಲ್ಲಿ ಮತ ಹೇಳಲಾಗದ ಒಂದೇ ಒಂದು ಪಕ್ಷವೆಂದರೆ ಜಿಂಕೆ. ತಗುಲಿದ ಬಾಣ ರಾಟೆಯಿಂದ ಬಂದಿತೋ ಕೊಂಡಿಯಿಂದ ಬಂದಿತೋ ಅದಕ್ಕೆ ತಿಳಿಯದು. ಗಾಯವಾಗಿ ಪೊದೆಯಲ್ಲಿ ನರಳಬೇಕೋ, ಒಂದೇ ಪೆಟ್ಟಿಗೆ ಪ್ರಾಣ ಹೋಗಬೇಕೋ, ಅಷ್ಟೇ ಅದರ ಪಾಲಿಗೆ ವ್ಯತ್ಯಾಸ. ಆ ವ್ಯತ್ಯಾಸ ಇರುವುದು ಆಯುಧ ಹಿಡಿದವನ ಸಂಯಮದಲ್ಲಿ. ದೂರ ಹೆಚ್ಚಾಯಿತು, ಬೇಡ ಎಂದು ಕುದುರೆಯಿಂದ ಬೆರಳು ತೆಗೆಯುವವನೂ, ಹೆದೆಯನ್ನು ಮೆಲ್ಲನೆ ಇಳಿಸುವವನೂ ಒಂದೇ ಕುಲದವರು. ಹೊಳೆಯಲ್ಲಿ ಮಿಂದು ಕಾಡಿಗೆ ಹೊರಡುತ್ತಿದ್ದ ಇಶಿ ಅವರಿಬ್ಬರನ್ನೂ ತನ್ನವರೆನ್ನುತ್ತಿದ್ದನೆಂದು ನನಗೆ ತೋರುತ್ತದೆ.