ಆಕಾಶವೇ ತೂಕದ ಕಲ್ಲು



ಮಾರ್ಚ್‌ನಲ್ಲಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ, ಹಗಲಲ್ಲಿ ಕೆಲವು ನಿಮಿಷ ನಿಮ್ಮ ಟಿವಿಯ ಚಿತ್ರ ಒಡೆದುಹೋಗುವುದನ್ನು ಗಮನಿಸಿದ್ದೀರಾ? ಆಗ ಉಪಗ್ರಹದ ಬೆನ್ನ ಹಿಂದೆ ಸೂರ್ಯ ಬಂದಿರುತ್ತಾನೆ. ಅವನ ರೇಡಿಯೋ ಗದ್ದಲ ಡಿಶ್ ಆಂಟೆನಾಕ್ಕೆ ಬೀಳುತ್ತದೆ. ನಮಗೆ ಅದು ಕಿರಿಕಿರಿ. ಖಗೋಳ ವಿಜ್ಞಾನಿಗಳಿಗೆ ಆಕಾಶದ ಇಂಥ ಗದ್ದಲವೇ ಅಳತೆಗೋಲು.

ಪುಣೆಯಿಂದ ಸುಮಾರು 80 ಕಿ.ಮೀ. ದೂರದಲ್ಲಿ, ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ ಪ್ರೊ. ಗೋವಿಂದ ಸ್ವರೂಪ್ ಅವರ ಮುಂದಾಳುತನದಲ್ಲಿ ಕಟ್ಟಿದ ರೇಡಿಯೋ ದೂರದರ್ಶಕವಿದೆ. 30 ಆಂಟೆನಾಗಳು, ಒಂದೊಂದೂ 45 ಮೀಟರ್ ಅಗಲ. ಇವು ಸರಿಯಾಗಿವೆಯೇ ಎಂದು ಪರೀಕ್ಷಿಸುವುದು ಹೇಗೆ? ಪ್ರಯೋಗಾಲಯದೊಳಗೆ ಇಡುವಂತಿಲ್ಲ. 21 ಸೆಂ.ಮೀ. ಅಲೆಯಲ್ಲಿ ಪರೀಕ್ಷಿಸಲು ಪ್ರೇಷಕವೊಂದನ್ನು ಕನಿಷ್ಠ 19 ಕಿ.ಮೀ. ಆಚೆ, ಅದೂ ಎತ್ತರದಲ್ಲಿ ನಿಲ್ಲಿಸಬೇಕು!

ಅದಕ್ಕೇ ಆಕಾಶದ ಮೊರೆ. ಸಿಡಿದ ನಕ್ಷತ್ರದ ಅವಶೇಷವಾದ ಕ್ಯಾಸಿಯೋಪಿಯಾ-ಎ ಕಡೆಗೆ ಆಂಟೆನಾ ತಿರುಗಿಸಿ ಶಕ್ತಿ ಅಳೆಯುತ್ತಾರೆ. ಪಕ್ಕದ ಖಾಲಿ ಆಕಾಶಕ್ಕೆ ತಿರುಗಿಸಿ ಮತ್ತೆ ಅಳೆಯುತ್ತಾರೆ. ಎರಡರ ಅನುಪಾತ ಬರಬೇಕಾದಷ್ಟು ಬರಲಿಲ್ಲವೆಂದರೆ ಎಲ್ಲೋ ದೋಷವಿದೆ: ವರ್ಧಕದ ಗದ್ದಲ ಹೆಚ್ಚಿರಬಹುದು, ತಂತಿಜಾಲ ಸೊಟ್ಟಗಾಗಿರಬಹುದು. ಎಡಬಲಕ್ಕೆ, ಮೇಲೆ ಕೆಳಗೆ ಸರಿಸುತ್ತಾ ಅಳೆದರೆ ಆಂಟೆನಾ ಹೇಳಿದ ಕಡೆಗೇ ನೋಡುತ್ತಿದೆಯೇ ಎಂಬುದೂ ತಿಳಿಯುತ್ತದೆ. 21 ಸೆಂ.ಮೀ. ಅಲೆಯಲ್ಲಿ ಅದರ ನೋಟದ ಅಗಲ ಹುಣ್ಣಿಮೆ ಚಂದ್ರನಿಗಿಂತಲೂ ಕಡಿಮೆ. ಸ್ವಲ್ಪ ತಪ್ಪಿದರೂ ನಷ್ಟ.

ಇನ್ನೊಂದು ಎಚ್ಚರ. ಅಂಗಡಿಯ ತೂಕದ ಕಲ್ಲು ಸವೆಯುವಂತೆ ಕ್ಯಾಸಿಯೋಪಿಯಾ-ಎ ಕೂಡ ವರ್ಷದಿಂದ ವರ್ಷಕ್ಕೆ ಮಂಕಾಗುತ್ತಿದೆ. ಆ ಲೆಕ್ಕವನ್ನೂ ಸೇರಿಸಬೇಕು. ಹೆಚ್ಚು ಸ್ಥಿರವಾದ 3ಸಿ286ನಂಥ ಮೂಲಗಳನ್ನೂ ನೋಡಬೇಕು.

ಇಷ್ಟೆಲ್ಲ ಯಾಕೆ ಎನ್ನುತ್ತೀರಾ? 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾದಲ್ಲಿ, ಎತ್ತ ತಿರುಗಿಸಿದರೂ ಹೋಗದ ಸಣ್ಣ ಗದ್ದಲವೊಂದು ಕಾಣಿಸಿತು. ಪಾರಿವಾಳದ ಹಿಕ್ಕೆಯನ್ನೂ ತೊಳೆದು ನೋಡಿದರು, ಗದ್ದಲ ಹೋಗಲಿಲ್ಲ. ತಮ್ಮ ಆಂಟೆನಾವನ್ನು ಚೆನ್ನಾಗಿ ಅಳೆದುಕೊಂಡಿದ್ದರಿಂದಲೇ, ತಪ್ಪು ಯಂತ್ರದ್ದಲ್ಲ ಎಂದು ಅವರು ಧೈರ್ಯವಾಗಿ ಹೇಳಬಲ್ಲವರಾದರು. ಅದು ವಿಶ್ವದ ಹುಟ್ಟಿನ ಕಾಲದಿಂದ ಉಳಿದ ವಿಕಿರಣ. 1978ರಲ್ಲಿ ಅವರಿಗೆ ನೊಬೆಲ್ ಬಂತು. ಅಳೆಯದೆ ಬಿಟ್ಟಿದ್ದರೆ ಆ ಸುದ್ದಿ ಬರೀ ಗದ್ದಲವಾಗಿಯೇ ಉಳಿಯುತ್ತಿತ್ತು.

ಮುಂದಿನ ಮಾರ್ಚ್‌ನಲ್ಲಿ ಟಿವಿ ಚಿತ್ರ ಒಡೆದರೆ ರಿಮೋಟ್ ಮೇಲೆ ಸಿಟ್ಟಾಗಬೇಡಿ. ಮಾಳಿಗೆಯ ಮೇಲಿನ ನಿಮ್ಮ ಆಂಟೆನಾ ಸೂರ್ಯನ ದನಿ ಕೇಳುತ್ತಿದೆ, ಅಷ್ಟೇ.