ಅರ್ಧ ಸೆಕೆಂಡಿನ ಅನುಮಾನ

ಸಾರಿನ ಪುಡಿಯ ಹದ ಕೇಳಿದರೆ ನಿಮ್ಮ ನೆರೆಮನೆಯಾಕೆ ಸಂತೋಷದಿಂದ ಹೇಳುತ್ತಾರೆ. ಒಂದು ಸಾಮಾನನ್ನು ಮಾತ್ರ ಮರೆತಿರುತ್ತಾರೆ. ಕಂಪ್ಯೂಟರ್ ಕಂಪನಿಗಳ ರೀತಿಯೂ ಬಹುಮಟ್ಟಿಗೆ ಇದೇ. ಆದರೆ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಮ್ಮ 'ಲಿನಕ್ಸ್'ನ ಹದವನ್ನು ಏನೊಂದೂ ಮುಚ್ಚಿಡದೆ ಊರಿಗೆಲ್ಲ ಹಂಚಿಬಿಟ್ಟರು. ಇಂದು ಅದರ ತಿರುಳು ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೂ ಇದೆ. 2001ರಲ್ಲಿ ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಅದನ್ನು ಕ್ಯಾನ್ಸರ್ ಎಂದೇ ಕರೆದರು. 2018ರಲ್ಲಿ ಅದೇ ಕಂಪನಿ ಇಂಥ ಹದಗಳ ದೊಡ್ಡ ಉಗ್ರಾಣವಾದ ಗಿಟ್‌ಹಬ್ಬನ್ನು 750 ಕೋಟಿ ಡಾಲರಿಗೆ ಕೊಂಡಿತು. ಬೈದ ಬಾಯಿಗೇ ರುಚಿ ಹತ್ತಿತು!

ಬಿಟ್ಟಿ ಊಟಕ್ಕೆ ಪಂಕ್ತಿ ಉದ್ದ. ಪಾತ್ರೆ ತೊಳೆಯುವವರು ಯಾರು? 'ಎಕ್ಸ್‌ಜೆಡ್' ಎಂಬ ಸಣ್ಣ ತಂತ್ರಾಂಶವನ್ನು ಒಬ್ಬರೇ ಸಂಬಳವಿಲ್ಲದೆ ವರ್ಷಗಟ್ಟಲೆ ಸಾಕಿದರು. ದಣಿದ ಅವರಿಗೆ ನೆರವಾಗಲು ಬಂದ ಅಪರಿಚಿತನೊಬ್ಬ ನಂಬಿಕೆ ಗಳಿಸಿ, 2024ರಲ್ಲಿ ಅದರೊಳಗೆ ಕಳ್ಳಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರಿಗೆ ಯಂತ್ರ ಅರ್ಧ ಸೆಕೆಂಡು ತಡಮಾಡಿದ್ದು ಸಹಿಸದಾಯಿತು. ಕೆದಕಿದರು, ಕಳ್ಳತನ ಬಯಲಾಯಿತು. ಅವರಿಗೆ ಸಂಬಳ ಕೊಡುತ್ತಿದ್ದುದು ಯಾರೆಂದಿರಿ? ಅದೇ ಮೈಕ್ರೋಸಾಫ್ಟ್!

ಆದ್ದರಿಂದ ನಿಮ್ಮ ಮನೆಯ ಹುಡುಗ ಅರ್ಧ ಸೆಕೆಂಡಿಗೆ ಗೊಣಗಿದರೆ ಗದರಿಸಬೇಡಿ. ಹದ ಬಯಲಿನಲ್ಲಿದ್ದರೆ ಸಾಲದು; ಯಾರಾದರೊಬ್ಬರು ರುಚಿ ನೋಡುತ್ತಿರಬೇಕು.