ಅವ್ವ ಹಿಮ ನೋಡಿದ ದಿನ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



"ಜಪಾನಿನಲ್ಲಿ ಇದ್ದು ಬಂದವಳು, ಅಲ್ಲಿಯದೇನಾದರೂ ಮಕ್ಕಳಿಗೆ ಹೇಳಬೇಕು" ಎಂದು ಗುರುಗಳ ಆಜ್ಞೆ. ಈ ಶಾಲೆಯಲ್ಲಿ ಹತ್ತನೇತ್ತ, ಕಲಬುರಗಿಯಲ್ಲಿ ಇಂಜಿನಿಯರಿಂಗ್, ಆಮೇಲೆ ಆರು ವರ್ಷ ಟೋಕಿಯೊ. ಬುಲೆಟ್ ರೈಲು, ದೊಡ್ಡ ಕಟ್ಟಡಗಳನ್ನು ನೀವು ಮೊಬೈಲಿನಲ್ಲೇ ನೋಡಿರುತ್ತೀರಿ. ನಾನು ಒಂದೇ ದಿನದ ಕಥೆ ಹೇಳುತ್ತೇನೆ. ಆ ದಿನ ನನ್ನ ಜೊತೆಗಿದ್ದ ಅವ್ವ ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ. ತಪ್ಪು ಹೇಳಿದರೆ ಅಲ್ಲಿಂದಲೇ ತಿದ್ದುತ್ತಾಳೆ.

ಅವ್ವ ಮೂರು ತಿಂಗಳು ನಮ್ಮಲ್ಲಿಗೆ ಬಂದಿದ್ದಳು. ಅವಳದು ಒಂದೇ ಆಸೆ. "ಹಿಮ ಟಿ.ವಿ.ಯಾಗ ನೋಡೀನಿ, ಒಮ್ಮೆ ಕೈಲೆ ಮುಟ್ಟಬೇಕು." ಫೆಬ್ರುವರಿಯ ಒಂದು ದಿನ ಅವ್ವ, ಏಳು ವರ್ಷದ ನನ್ನ ಮಗಳು, ನಾನು ಮೂವರೂ ಹೊರಟೆವು. ಹೋದದ್ದು ನೀಗಾತಾ ಪ್ರಾಂತ್ಯದ ಯುಜಾವಾ ಪಟ್ಟಣಕ್ಕೆ ಸೇರಿದ ನಾಕಾಜಾತೊ ಎಂಬ ಸಣ್ಣ ಸ್ಕೀ ತಾಣಕ್ಕೆ. ಸ್ಕೀ ಎಂದರೆ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ.

ಟೋಕಿಯೊದಿಂದ ಯುಜಾವಾಕ್ಕೆ ಬುಲೆಟ್ ರೈಲಿನಲ್ಲಿ ಸುಮಾರು 80 ನಿಮಿಷ. ಹೊರಟಾಗ ಬಿಸಿಲು ಚೆನ್ನಾಗಿತ್ತು. ನಡುವೆ 22 ಕಿಲೋಮೀಟರ್ ಉದ್ದದ ಸುರಂಗ. ನಮ್ಮ ಮರಗುತ್ತಿಯ ರೈಲು ಸುರಂಗ ಎರಡು ಕಿಲೋಮೀಟರೂ ಇಲ್ಲ, ಹೋಲಿಸಿ ನೋಡಿ. ಸುರಂಗ ದಾಟಿ ಹೊರಬಂದರೆ ಆಕಾಶ ಬೂದಿ ಬಣ್ಣ, ಮನೆಗಳ ಮಾಳಿಗೆಯ ಮೇಲೆ ಆಳೆತ್ತರ ಹಿಮ. "ಬಿಸಿಲು ಎಲ್ಲಿ ಹೋಯ್ತು?" ಎಂದಳು ಅವ್ವ.

ಉತ್ತರ ನನಗೆ ಗೊತ್ತಿತ್ತು. ಕಲಿಸಿದ್ದು ಇದೇ ಶಾಲೆ. ಒಂಬತ್ತನೇತ್ತಿನಲ್ಲಿ ನಮ್ಮ ಸಮಾಜ ವಿಜ್ಞಾನದ ಮಾಸ್ತರು ಕಪ್ಪು ಹಲಗೆಯ ಮೇಲೆ ಸಹ್ಯಾದ್ರಿ ಬರೆದು, ಆ ಕಡೆ ಆಗುಂಬೆ, ಈ ಕಡೆ ನಾವು, ಇದಕ್ಕೆ ಮಳೆ ನೆರಳು ಎನ್ನುತ್ತಾರೆ ಎಂದು ಹೇಳಿದ್ದರು. ಅಲ್ಲಿಯೂ ಅದೇ ಪಾಠ. ಚಳಿಗಾಲದಲ್ಲಿ ಸೈಬೀರಿಯಾದ ಒಣ ಗಾಳಿ ಜಪಾನ್ ಸಮುದ್ರದ ಮೇಲೆ ಬರುವಾಗ ತೇವ ಹೀರಿಕೊಂಡು, ಬೆಟ್ಟಕ್ಕೆ ಬಡಿದು, ನೀಗಾತಾ ಕಡೆ ಹಿಮ ಸುರಿಸುತ್ತದೆ. ಬೆಟ್ಟ ದಾಟುವಾಗ ತೇವ ಮುಗಿದಿರುತ್ತದೆ, ಟೋಕಿಯೊಕ್ಕೆ ಬರೀ ಬಿಸಿಲು. ಅವ್ವ ಕೇಳಿ, "ಅಂದ್ರ ನೀವೂ ಕಮಲಾಪುರದಾಗೇ ಇದ್ದಂಗ" ಎಂದಳು.

ಯುಜಾವಾ ನಿಲ್ದಾಣದ ಹೊರಗೆ ರಸ್ತೆಯ ನಡುವಿನ ಸಣ್ಣ ತೂತುಗಳಿಂದ ನೀರು ಚಿಮ್ಮುತ್ತಿತ್ತು. "ಅಯ್ಯ, ಎಷ್ಟು ನೀರು ಹಾಳು!" ಎಂದು ಅವ್ವ ನಿಂತೇಬಿಟ್ಟಳು. ಅದು ಭೂಮಿಯೊಳಗಿನ ನೀರು, ಹಿಮಕ್ಕಿಂತ ಬೆಚ್ಚಗಿರುತ್ತದೆ, ಅದನ್ನು ಹರಿಸಿ ರಸ್ತೆಯ ಹಿಮ ಕರಗಿಸುತ್ತಾರೆ ಎಂದು ವಿವರಿಸಿದೆ. ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾದವಳಿಗೆ ಸಮಾಧಾನ ಆಗಲಿಲ್ಲ.

ಅಲ್ಲಿಂದ ಸಣ್ಣ ರೈಲಿನಲ್ಲಿ ಎರಡನೇ ನಿಲ್ದಾಣ ನಾಕಾಜಾತೊ. ನಿಲ್ದಾಣದ ಪಕ್ಕದಲ್ಲೇ ಜಾರುವ ಗುಡ್ಡ. ಹಳೆಯ ನೀಲಿ ರೈಲು ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿ ವಿಶ್ರಾಂತಿ ಕೋಣೆ ಮಾಡಿದ್ದಾರೆ. ಬಟ್ಟೆ, ಬೂಟು, ಪಟ್ಟಿ ಎಲ್ಲ ಬಾಡಿಗೆಗೆ ಸಿಗುತ್ತವೆ. ಕಲಿಸುವವರು ಮೊದಲು ಹೇಳಿಕೊಟ್ಟದ್ದು ನಿಲ್ಲುವುದನ್ನು. ಪಟ್ಟಿಗಳ ಮುಂದಿನ ತುದಿ ಹತ್ತಿರ ತಂದು ಹಿಂದೆ ಅಗಲಿಸಬೇಕು, ಆಗ ವೇಗ ತಗ್ಗುತ್ತದೆ. ಮಗಳು ಅರ್ಧ ಗಂಟೆಯಲ್ಲಿ ಕಲಿತಳು. ನಾನು ಏಳು ಸಲ ಬಿದ್ದೆ. ಅವ್ವ ಸೀರೆಯ ಮೇಲೆ ನನ್ನ ದಪ್ಪ ಕೋಟು ಹಾಕಿಕೊಂಡು, ಬೊಗಸೆ ತುಂಬ ಹಿಮ ಹಿಡಿದು, ಅರಳಿದ ಹತ್ತಿ ನೋಡುವಂತೆ ನೋಡುತ್ತಿದ್ದಳು.

ರೈಲು ಡಬ್ಬಿಯಲ್ಲಿ ಕುಳಿತು ರೊಟ್ಟಿ ಮುರಿಯುವಾಗ ಕಿಟಕಿಯಾಚೆ ಒಂದು ಶಾಲೆಯ ಮಕ್ಕಳು ಎದೆಯ ಮೇಲೆ ನಂಬರ್ ಕಟ್ಟಿಕೊಂಡು ಇಳಿಯುತ್ತಿದ್ದರು. ಹಿಮ ಬೀಳುವ ಊರುಗಳಲ್ಲಿ ಸ್ಕೀ ಎಂದರೆ ಆಟದ ಪಿರಿಯಡ್. ಹನ್ನೆರಡು-ಹದಿಮೂರು ವರ್ಷದ ಹುಡುಗಿಯರೂ ಇದ್ದರು. ಅವ್ವ ಅವರನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ಇದೆಲ್ಲ ಕರಗಿದ ಮ್ಯಾಲ ನೀರು ಎಲ್ಲಿಗಿ ಹೋಗ್ತದ ಯವ್ವಾ?"

ನಾನು ಇಂಜಿನಿಯರ್. ಆರು ವರ್ಷ ಆ ದೇಶದಲ್ಲಿದ್ದೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಮನೆಗೆ ಬಂದು ಓದಿ ತಿಳಿದುಕೊಂಡೆ. ವಸಂತದಲ್ಲಿ ಹಿಮ ಕರಗಿ ಉಓನೊ ನದಿಗೆ, ಅಲ್ಲಿಂದ ಜಪಾನಿನ ಅತಿ ಉದ್ದದ ನದಿ ಶಿನಾನೊಗೆ ಸೇರುತ್ತದೆ. ಗದ್ದೆಗೆ ನೀರು ಬೇಕಾದ ಹೊತ್ತಿಗೇ ಗುಡ್ಡ ನೀರು ಬಿಡುತ್ತದೆ. ದೇಶಕ್ಕೇ ಹೆಸರಾದ ಉಓನುಮಾ ಅಕ್ಕಿ ಬೆಳೆಯುವುದು ಈ ನೀರಿನಲ್ಲಿ. ನಾವು ಆಟದ ಬಯಲು ಎಂದುಕೊಂಡದ್ದು ಅವರ ಕೆರೆ. ಅದು ರೈತಳಾದ ಅವ್ವನ ಕಣ್ಣಿಗೆ ಬಿತ್ತು.

ವಾಪಸು ಬರುವ ರೈಲಿನಲ್ಲಿ ಅವ್ವ ತಾನಾಗಿಯೇ ಹೇಳಿದಳು. ಅವಳ ತವರು ಪಕ್ಕದ ಹಳ್ಳಿ. ಅವಳು ಏಳನೇತ್ತ ಪಾಸಾದಾಗ ನಮ್ಮ ಈ ಹೈಸ್ಕೂಲು ಶುರುವಾಗಿ ಎರಡೋ ಮೂರೋ ವರ್ಷ. ನಡೆದು ಬರಲು ಸಿದ್ಧಳಿದ್ದಳು. "ಹೆಣ್ಣ ಹುಡುಗಿ ಅಷ್ಟು ದೂರ ಯಾಕ" ಎಂದು ಅಜ್ಜ ಬಿಡಿಸಿದರು. "ಮೂರು ದಿನ ಅತ್ತಿದ್ದೆ. ಈ ಹುಡುಗೇರನ್ನ ನೋಡಿ ನೆನಪಾಯ್ತು" ಎಂದಳು.

ನಾನು ಒಂಬತ್ತನೇತ್ತಿನಲ್ಲಿದ್ದಾಗ ನಮ್ಮ ಮನೆಗೂ ಸಂಬಂಧ ಕೇಳಿಕೊಂಡು ಬಂದಿದ್ದರು. ಎಲ್ಲರೂ ಹೂಂ ಎಂದಾಗ ಅವ್ವ ಒಬ್ಬಳೇ, "ಆಕಿ ಸಾಲಿ ಬಿಡಂಗಿಲ್ಲ" ಎಂದು ಬಾಗಿಲಲ್ಲಿ ಕುಳಿತಿದ್ದಳು. ಯಾಕೆ ಅಷ್ಟು ಹಟ ಮಾಡಿದಳೆಂದು ನನಗೆ ತಿಳಿದದ್ದು ಆ ರೈಲಿನಲ್ಲಿ.

ತಾಯಂದಿರೇ, ತಂದೆಯರೇ, ದೂರ, ಬಸ್ಸಿಲ್ಲ, ಮನೆಗೆಲಸ, ಒಳ್ಳೆ ಸಂಬಂಧ ಎಂಬ ಮಾತು ಈಗಲೂ ನಮ್ಮ ಮನೆಗಳಲ್ಲಿ ಕೇಳುತ್ತವೆ. ಹೆಣ್ಣುಮಕ್ಕಳನ್ನು ಹತ್ತನೇತ್ತಿನವರೆಗಾದರೂ ಈ ಶಾಲೆಯಿಂದ ಬಿಡಿಸಬೇಡಿರಿ. ಒಳ್ಳೆಯ ಪ್ರಶ್ನೆ ಕೇಳುವ ಬುದ್ಧಿ ಅವರಲ್ಲಿ ಮೊದಲೇ ಇರುತ್ತದೆ. ಉತ್ತರ ಹುಡುಕುವ ದಾರಿ ಶಾಲೆ ತೋರಿಸುತ್ತದೆ. ಅವ್ವನಿಗೆ ಆ ದಾರಿ ಸಿಗಲಿಲ್ಲ. ನನಗೆ ಅವಳು ಕೊಡಿಸಿದಳು.